ಹಿತ್ತಲ ಕೋಳಿಗೆ ಉಸಿರಿನ ಬೇನೆ: ಲೆಕ್ಕಕ್ಕೆ ಬಾರದ ನಷ್ಟ

ಎತ್ತು ಸತ್ತರೆ ಪಶುವೈದ್ಯರ ಶವಪರೀಕ್ಷೆಯುಂಟು, ವಿಮೆಯ ಕಾಗದವುಂಟು. ಕುರಿ, ಮೇಕೆ ಆಕಸ್ಮಿಕವಾಗಿ ಸತ್ತರೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಡಿ ಅರ್ಜಿ ಹಾಕಲು ದಾರಿಯುಂಟು. ಹಿತ್ತಲಿನ ಹತ್ತು ಕೋಳಿಗಳು ಗೊರಗೊರ ಎನ್ನುತ್ತ ಒಂದೇ ವಾರದಲ್ಲಿ ಕತ್ತು ಚೆಲ್ಲಿದರೆ ಮಾತ್ರ ಊರಾಚೆಯ ತಿಪ್ಪೆಯೇ ಗತಿ. ಅದನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟರು ಪಂಚಾಯಿತಿಯಲ್ಲಿಲ್ಲ, ಕೇಳಲು ಬರುವ ಅಧಿಕಾರಿಯೂ ಇಲ್ಲ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಜವಾರಿ ಕೋಳಿ ಸಾಕುವುದು ಒಂದು ಉದ್ಯಮವಲ್ಲ, ಮನೆವಾರ್ತೆಯ ಒಂದು ಭಾಗ. ಒಕ್ಕಲುತನದ ಮನೆಯಿರಲಿ, ತಾಂಡಾದ ಗುಡಿಸಲಿರಲಿ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯ ಮನೆಯಿರಲಿ, ಐದೋ ಎಂಟೋ ಹೇಂಟೆ, ಒಂದು ಹುಂಜ, ಅವುಗಳ ಬೆನ್ನಿಗೆ ಒಂದಷ್ಟು ಪಿಳ್ಳೆ ಇದ್ದೇ ಇರುತ್ತವೆ. ತತ್ತಿ ಮಾರಿದ ದುಡ್ಡು ಬಹುತೇಕ ಮನೆಯೊಡತಿಯ ಕೈಯಲ್ಲೇ ಉಳಿಯುತ್ತದೆ. ಮಕ್ಕಳ ನೋಟುಬುಕ್ಕಿಗೆ, ಜ್ವರದ ಗುಳಿಗೆಗೆ, ನೆಂಟರು ಬಂದಾಗಿನ ಅಡುಗೆಗೆ ಆಗುವ ದುಡ್ಡು ಅದು. ಗಂಡಸರ ಖಾತೆಗೆ ಜಮಾ ಆಗದ ಹಣವಾದ್ದರಿಂದಲೋ ಏನೋ, ಅದು ಹೋದಾಗ ಗದ್ದಲವೂ ಏಳುವುದಿಲ್ಲ.

ಇದು ಸಣ್ಣ ಸಂಗತಿ ಎನ್ನುವವರು 2019ರ 20ನೇ ಜಾನುವಾರು ಗಣತಿಯ ಅಂಕಿಗಳನ್ನೊಮ್ಮೆ ನೋಡಬೇಕು. ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳ ಸಂಖ್ಯೆ ಶೇಕಡಾ 46ರಷ್ಟು ಏರಿತ್ತು. ಅದೇ ಅವಧಿಯಲ್ಲಿ ಫಾರಂ ಕೋಳಿಗಳ ಏರಿಕೆ ಶೇಕಡಾ 5ನ್ನೂ ಮುಟ್ಟಿರಲಿಲ್ಲ. ಅಂದರೆ ಸರ್ಕಾರದ ಗಮನ, ಔಷಧ ಕಂಪನಿಗಳ ಗಮನ, ಸಂಶೋಧನೆಯ ಗಮನ ಒಂದು ಕಡೆಗಿದ್ದರೆ, ಕೋಳಿಗಳು ಬೆಳೆಯುತ್ತಿರುವುದು ಇನ್ನೊಂದು ಕಡೆ.

ಹೆಸರೊಂದು, ಬೇನೆ ಹಲವು

ಉಸಿರಿನ ತೊಂದರೆಯಿಂದ ಕೋಳಿ ಸತ್ತರೆ ನಮ್ಮ ಜನ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಕೊಕ್ಕರೆ ರೋಗ ಬಂತು. ಇದು ಪೂರ್ತಿ ತಪ್ಪಲ್ಲ. ಪಶುವೈದ್ಯರು ರಾಣಿಖೇತ್ ಎಂದು ಕರೆಯುವ ಈ ವೈರಾಣು ರೋಗವೇ ಹಿತ್ತಲ ಕೋಳಿಗಳ ದೊಡ್ಡ ಶತ್ರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಮತ್ತು ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಕಾಣಿಸಿಕೊಂಡ ರೋಗ, ಅದೇ ದಶಕ ಮುಗಿಯುವುದರೊಳಗೆ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಲ್ಪಟ್ಟಿತು. ಹೀಗಾಗಿ ಇಡೀ ಜಗತ್ತು ಒಂದು ಹೆಸರು ಬಳಸಿದರೆ ಭಾರತದವರು ಇನ್ನೊಂದು ಹೆಸರು ಬಳಸುತ್ತೇವೆ. ಕನ್ನಡದ ಹೆಸರು ಮಾತ್ರ ರೋಗಿಯನ್ನು ನೋಡಿ ಇಟ್ಟಂತಿದೆ: ಕತ್ತು ನೀಡಿ, ಬಾಯಿ ತೆರೆದು, ಗಾಳಿಗಾಗಿ ಹಪಹಪಿಸುವ ಕೋಳಿ ಕೊಕ್ಕರೆಯಂತೆಯೇ ಕಾಣುತ್ತದೆ.

ಸೋಂಕು ತಗುಲಿದ ಐದಾರು ದಿನಗಳಲ್ಲಿ, ಕೆಲವೊಮ್ಮೆ ಎರಡೇ ದಿನಕ್ಕೆ, ಕೋಳಿ ಮೇವು ಬಿಡುತ್ತದೆ. ಹಸಿರು ಬಣ್ಣದ ಭೇದಿ, ಉಸಿರಿನಲ್ಲಿ ಗೊರಗೊರ ಸದ್ದು. ಅಷ್ಟರಲ್ಲಿ ಸಾಯದೆ ಉಳಿದವುಗಳಲ್ಲಿ ಕೆಲವಕ್ಕೆ ಕತ್ತು ತಿರುಚುತ್ತದೆ, ರೆಕ್ಕೆ ಜೋತುಬೀಳುತ್ತದೆ, ಕಾಲು ಎಳೆಯುತ್ತದೆ. ಲಸಿಕೆ ಕಾಣದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ಕೋಳಿ ಸತ್ತರೂ ಆಶ್ಚರ್ಯವಿಲ್ಲ.

ಆದರೆ ಗೊರಗೊರ ಎನ್ನುವುದೆಲ್ಲ ಕೊಕ್ಕರೆ ರೋಗವಲ್ಲ. ಎಡವಟ್ಟು ಆಗುವುದು ಇಲ್ಲಿಯೇ. ಮುಖ ಊದಿ, ಕಣ್ಣು ಮುಚ್ಚಿಹೋಗಿ, ಮೂಗಿನಿಂದ ನಾರುವ ಸಿಂಬಳ ಸುರಿಯುತ್ತಿದ್ದು, ಅನೇಕ ಕೋಳಿಗಳಿಗೆ ಒಟ್ಟಿಗೆ ಬಂದರೂ ಸಾಯುವುದು ಕಡಿಮೆಯಿದ್ದರೆ ಅದು ಕೊರೈಜಾ ಎಂಬ ಬ್ಯಾಕ್ಟೀರಿಯಾ ನೆಗಡಿ. ಚಳಿಗಾಲದಲ್ಲಿ ವಾರಗಟ್ಟಲೆ ಎಳೆಯುವ ಕೆಮ್ಮು, ಕಣ್ಣಂಚಿನಲ್ಲಿ ನೊರೆ, ಸೊರಗುವ ಮೈ ಇದ್ದರೆ ಮೈಕೋಪ್ಲಾಸ್ಮಾದಿಂದ ಬರುವ ದೀರ್ಘಕಾಲದ ಶ್ವಾಸರೋಗವಿರಬಹುದು. ಇದು ತಾಯಿಯಿಂದ ತತ್ತಿಯ ಮೂಲಕವೇ ಮರಿಗೆ ಇಳಿಯುತ್ತದೆಯಾದ್ದರಿಂದ, ಬೇನೆಯಿಂದ ಚೇತರಿಸಿಕೊಂಡ ಹೇಂಟೆಯನ್ನು ಕಾವಿಗೆ ಕೂಡಿಸುವುದೆಂದರೆ ರೋಗವನ್ನೇ ಕಾವಿಗೆ ಕೂಡಿಸಿದಂತೆ. ಸೀನು, ತತ್ತಿಯ ಚಿಪ್ಪು ಸುಕ್ಕುಗಟ್ಟುವುದು, ಒಡೆದಾಗ ಬಿಳಿಭಾಗ ನೀರಿನಂತೆ ಹರಿಯುವುದು ಕಂಡರೆ ಸಾಂಕ್ರಾಮಿಕ ಬ್ರಾಂಕೈಟಿಸ್ ಅನ್ನು ಶಂಕಿಸಬೇಕು. ಇದಕ್ಕೆ ಕಾರಣ ಕೊರೊನಾ ಕುಟುಂಬದ ಒಂದು ವೈರಾಣು ನಿಜ, ಆದರೆ ಅದು ಕೋಳಿಗಳದ್ದು, 2020ರಲ್ಲಿ ಮನುಷ್ಯರನ್ನು ಕಾಡಿದ್ದಲ್ಲ. ಆ ವರ್ಷ ಮಾರ್ಚಿಗೆ ಮೊದಲೇ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವದಂತಿ ಹಬ್ಬಿ ಕೋಳಿ ದರ ಕುಸಿದದ್ದು ಓದುಗರಿಗೆ ನೆನಪಿರಬಹುದು.

ಸೊಳ್ಳೆ ಹೆಚ್ಚುವ ಮಳೆಗಾಲದ ಬಳಿಕ ಕೋಳಿ ಸಿಡುಬು ಗಂಟಲೊಳಗೆ ಇಳಿದರೂ ಉಸಿರು ಕಟ್ಟುತ್ತದೆ. ಬಾಯಿ ತೆರೆದು ನೋಡಿದರೆ ಗಿಣ್ಣಿನಂಥ ಪೊರೆ ಕಾಣುತ್ತದೆ. ಬೂಷ್ಟು ಹಿಡಿದ ಜೋಳ, ಮುಗ್ಗಲು ಹಿಡಿದ ತೊಗರಿ ಹೊಟ್ಟಿನ ಮೇಲೆ ಬೆಳೆದ ಪಿಳ್ಳೆಗಳಿಗೆ ಶಿಲೀಂಧ್ರದಿಂದ ಶ್ವಾಸಕೋಶ ಕೆಡುತ್ತದೆ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲಿ ಹೊಟ್ಟಿಗೆ ಬರವಿಲ್ಲ, ಅದನ್ನು ಒಣಗಿಸಿ ಹಾಸುವ ವ್ಯವಧಾನಕ್ಕೆ ಬರ.

ಈ ಎಲ್ಲ ಬೇನೆಗಳ ಮೇಲೆ ಈಗ ಹಕ್ಕಿಜ್ವರದ ನೆರಳೂ ಬಿದ್ದಿದೆ. ಅದರ ವಿಚಾರಕ್ಕೆ ಮುಂದೆ ಬರೋಣ.

ಗುಳಿಗೆಯ ಮೊರೆ

ಕೋಳಿ ಕೆಮ್ಮಿತೆಂದರೆ ಮೊದಲು ಹೋಗುವುದು ಎಲ್ಲಿಗೆ? ಪಶು ಆಸ್ಪತ್ರೆಗಂತೂ ಅಲ್ಲ. ಅಲ್ಲಿಗೆ ಎಮ್ಮೆ, ಎತ್ತು ಹೊಡೆದುಕೊಂಡು ಹೋಗುವುದು ರೂಢಿ, ಒಂದು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದರೆ ನಕ್ಕಾರೆಂಬ ಸಂಕೋಚ. ಅರಿಶಿನ, ಬೆಳ್ಳುಳ್ಳಿ, ಮೆಣಸು ಅರೆದು ಬಾಯಿಗೆ ಹಾಕುವುದು ಮನೆಮದ್ದು. ಅದರಿಂದ ಹಾನಿಯಿಲ್ಲ, ಕೊಕ್ಕರೆ ರೋಗ ನಿಲ್ಲುವುದೂ ಇಲ್ಲ. ಅದಾದ ಮೇಲೆ ಔಷಧ ಅಂಗಡಿ. ಮನುಷ್ಯರ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಕಲಸಿ ಇಡುವುದು ಹಳ್ಳಿಗಳಲ್ಲಿ ಗುಟ್ಟಿನ ಸಂಗತಿಯೇನಲ್ಲ.

ವೈರಾಣುವಿನ ಮೇಲೆ ಪ್ರತಿಜೀವಕಕ್ಕೆ ಯಾವ ಹಿಡಿತವೂ ಇಲ್ಲ. ರಾಣಿಖೇತಕ್ಕೆ ಚಿಕಿತ್ಸೆಯೇ ಇಲ್ಲ, ಇರುವುದು ತಡೆಯೊಂದೇ. ಕೊರೈಜಾ, ಮೈಕೋಪ್ಲಾಸ್ಮಾಗಳಿಗೆ ಪ್ರತಿಜೀವಕ ಕೆಲಸ ಮಾಡುತ್ತದೆ ಎಂಬುದು ನಿಜವಾದರೂ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಪಶುವೈದ್ಯರೇ ಹೇಳಬೇಕು. ಒಂದು ದಿನ ಕೊಟ್ಟು ಕೋಳಿ ಚುರುಕಾದೊಡನೆ ನಿಲ್ಲಿಸಿದರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದ ತಳಿಯಾಗಿ ಮರಳುತ್ತದೆ. ಮನುಷ್ಯರ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇದೇ ಭಯದಿಂದ. ಇನ್ನು ಔಷಧ ಕೊಟ್ಟ ದಿನಗಳಲ್ಲಿ ಮತ್ತು ಆನಂತರ ವೈದ್ಯರು ಹೇಳಿದಷ್ಟು ದಿನ ತತ್ತಿ ತಿನ್ನಬಾರದು, ಮಾರಬಾರದು. ಈ ನಿಯಮ ನಮ್ಮ ಹಳ್ಳಿಗಳಿಗೆ ಇನ್ನೂ ತಲುಪಿಯೇ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ನೂರು ಡೋಸಿನ ಶೀಶೆ, ಎಂಟು ಕೋಳಿಯ ಮನೆ

ರಾಣಿಖೇತಕ್ಕೆ ಲಸಿಕೆ ಇಲ್ಲವೇ? ಇದೆ, ಅದೂ ಹಳೆಯದು. 1940ರ ದಶಕದಲ್ಲಿಯೇ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದುಬಂದ ಆರ್‌ಟುಬಿ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಮರಿಗೆ ಐದರಿಂದ ಏಳು ದಿನವಾದಾಗ ಎಫ್ ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ ಬಿಟ್ಟರಾಯಿತು. ಎಂಟರಿಂದ ಹತ್ತು ವಾರವಾದ ಮೇಲೆ ಆರ್‌ಟುಬಿಯನ್ನು ರೆಕ್ಕೆಯ ಕೆಳಗೆ ಚರ್ಮದಡಿ ಚುಚ್ಚಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಪಶುಪಕ್ಷಿಗಳ ಲಸಿಕೆಗಳನ್ನು ತಯಾರಿಸಿ ಇಲಾಖೆಗೆ ಒದಗಿಸುತ್ತ ಬಂದಿದೆ. ಲಸಿಕೆ ಅತಿ ಅಗ್ಗದ್ದು. ಹಾಗಿದ್ದೂ ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಹೇಂಟೆಗೆ ಅದೇಕೆ ಸಿಗುವುದಿಲ್ಲ?

ಉತ್ತರವಿರುವುದು ಶೀಶೆಯ ಗಾತ್ರದಲ್ಲಿ. ಲಸಿಕೆ ಬರುವುದು ನೂರು, ಇನ್ನೂರು, ಐನೂರು, ಸಾವಿರ ಡೋಸುಗಳ ಶೀಶೆಗಳಲ್ಲಿ. ಫಾರಂ ಮಾಲೀಕನಿಗೆ ಸಾವಿರದ ಶೀಶೆಯೂ ಸಾಲದು. ಎಂಟು ಕೋಳಿಯ ಮನೆಗೆ ನೂರರ ಶೀಶೆಯೇ ವ್ಯರ್ಥ. ಪುಡಿಯನ್ನು ದ್ರಾವಣದಲ್ಲಿ ಕರಗಿಸಿದ ಮೇಲೆ ಎರಡು ತಾಸಿನೊಳಗೆ ಬಳಸಿ ಮುಗಿಸಬೇಕು, ಉಳಿದದ್ದು ಚರಂಡಿಗೆ. ಎಂಟು ಕೋಳಿಗಾಗಿ ತೊಂಬತ್ತೆರಡು ಡೋಸು ಚೆಲ್ಲಲು ಯಾವ ವೈದ್ಯನಿಗೂ ಮನಸ್ಸು ಬಾರದು, ಲೆಕ್ಕ ಪರಿಶೋಧಕರಿಗಂತೂ ಬಾರದು. ಹೀಗಾಗಿ ನಾಳೆ ಬಾ, ಎಲ್ಲರನ್ನೂ ಸೇರಿಸಿಕೊಂಡು ಬಾ ಎಂಬ ಮಾತು ಬರುತ್ತದೆ. ಎಲ್ಲರೂ ಸೇರುವುದು ಕೋಳಿಗಳು ಸಾಯಲಾರಂಭಿಸಿದ ಮೇಲೆ. ಆಗ ಲಸಿಕೆ ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಳಗೊಳಗೇ ರೋಗ ಹೊತ್ತ ಕೋಳಿಗೆ ಚುಚ್ಚಿದ ಸೂಜಿ ಆರೋಗ್ಯದ ಕೋಳಿಗೂ ಚುಚ್ಚಿದರೆ ಲಸಿಕೆಯ ಜೊತೆಗೆ ರೋಗವೂ ಹೋಗುತ್ತದೆ. ಕೋಳಿ ಸತ್ತಿದ್ದು ಸೂಜಿಯಿಂದಲೇ ಎಂದು ಊರು ತೀರ್ಮಾನಿಸುತ್ತದೆ, ಮುಂದಿನ ವರ್ಷ ಯಾರೂ ಕೋಳಿ ಹಿಡಿದುಕೊಡುವುದಿಲ್ಲ.

ಎರಡನೆಯದು ಬಿಸಿಲು. ಲಸಿಕೆ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಕಲಬುರಗಿಯ ಮೇ ತಿಂಗಳು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಚಿಂಚೋಳಿ ತಾಲ್ಲೂಕಿನ ಅರಣ್ಯದಂಚಿನ ತಾಂಡಾಗೆ ಮೋಟಾರ್ ಸೈಕಲ್ ಮೇಲೆ ಲಸಿಕೆ ಒಯ್ಯುವಾಗ ಮಂಜುಗಡ್ಡೆ ಕರಗಿದರೆ ಶೀಶೆಯಲ್ಲಿ ಉಳಿಯುವುದು ಬರೀ ನೀರು. ಚುಚ್ಚಿದವರಿಗೂ ಚುಚ್ಚಿಸಿಕೊಂಡವರಿಗೂ ಇದು ತಿಳಿಯುವುದಿಲ್ಲ, ತಿಳಿಯುವುದು ರೋಗ ಬಂದಾಗಲೇ.

ಮೂರನೆಯದು, ಯಾರೂ ಹೆಚ್ಚು ಮಾತನಾಡದ ಸಂಗತಿ, ಗಡಿಯಾರ. ಹಿತ್ತಲ ಕೋಳಿ ಹಗಲಿನಲ್ಲಿ ಸಿಗುವುದಿಲ್ಲ. ಬೆಳಗಿನ ಜಾವ ಗೂಡು ತೆರೆದೊಡನೆ ತಿಪ್ಪೆ, ಬೇಲಿ, ಹೊಲಗಳ ಕಡೆ ಹೊರಟರೆ ಮರಳುವುದು ಹೊತ್ತು ಮುಳುಗುವಾಗ. ಕಚೇರಿ ತೆರೆದಿರುವುದು ಸರಿಯಾಗಿ ಈ ನಡುವಿನ ಹೊತ್ತಿನಲ್ಲಿ. ಲಸಿಕೆ ಹಾಕುವವರು ನಸುಕಿನಲ್ಲಿ ಗೂಡು ತೆರೆಯುವ ಮುನ್ನ ಬರಬೇಕು, ಇಲ್ಲವೇ ರಾತ್ರಿ ಗೂಡು ಮುಚ್ಚಿದ ಮೇಲೆ. ಹುದ್ದೆಗಳೇ ಖಾಲಿ ಬಿದ್ದಿರುವ ಇಲಾಖೆಯ ಸಿಬ್ಬಂದಿಯಿಂದ ಇದನ್ನು ನಿರೀಕ್ಷಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಏಳುತ್ತದೆ.

ಕಾಲುಬಾಯಿ ರೋಗದ ವಿಷಯದಲ್ಲಿ ಹೀಗಾಗಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ ಲಸಿಕೆಯ ವೆಚ್ಚವನ್ನೆಲ್ಲ ಕೇಂದ್ರವೇ ಹೊತ್ತು, ಸಿಬ್ಬಂದಿ ಮನೆಮನೆಗೆ ಹೋಗಿ ದನಗಳಿಗೆ ಸೂಜಿ ಹಾಕಿದರು. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಅಭಿಯಾನ ನಡೆಯಿತು. ಕೊಕ್ಕರೆ ರೋಗಕ್ಕೆ ಅಂಥ ರಾಷ್ಟ್ರೀಯ ಅಭಿಯಾನವಿಲ್ಲ. ಹಾಲಿಗೆ ಒಕ್ಕೂಟವಿದೆ, ಒಕ್ಕೂಟಕ್ಕೆ ದನಿಯಿದೆ. ತತ್ತಿ ಮಾರುವ ಹೆಂಗಸಿಗೆ ಒಕ್ಕೂಟವಿಲ್ಲ.

ಹೊರಜಗತ್ತಿನಲ್ಲಿ ದಾರಿ ಕಂಡವರಿಲ್ಲವೆಂದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಕೋಳಿಗಳಿಗೆಂದೇ ಐ-ಟು ಎಂಬ, ಬಿಸಿಲನ್ನು ಸ್ವಲ್ಪಮಟ್ಟಿಗೆ ತಾಳಬಲ್ಲ ಲಸಿಕೆಯನ್ನು ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾದಂಥ ದೇಶಗಳಲ್ಲಿ ಹಳ್ಳಿಯ ಹೆಂಗಸರೇ ತರಬೇತಿ ಪಡೆದು, ವರ್ಷಕ್ಕೆ ಮೂರು ಬಾರಿ, ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಹನಿ ಬಿಡುವ ಪದ್ಧತಿ ಬೆಳೆಯಿತು. ಹನಿ ಬಿಡಲು ಪಶುವೈದ್ಯ ಪದವಿ ಬೇಕಿಲ್ಲ.

ಕರ್ನಾಟಕದಲ್ಲಿಯೂ ಸ್ವಸಹಾಯ ಸಂಘಗಳ ಮೂಲಕ ಪಶುಸಖಿಯರಿದ್ದಾರೆ. ನಲವತ್ತು ಮನೆಯ ಒಂದು ತಾಂಡಾದಲ್ಲಿ ಮನೆಗೆ ಎಂಟು ಕೋಳಿಯೆಂದು ಹಿಡಿದರೆ 320 ಕೋಳಿಯಾಯಿತು. ಒಂದೇ ನಸುಕಿನಲ್ಲಿ, ಎರಡು ತಾಸಿನೊಳಗೆ, ಇಬ್ಬರು ಪಶುಸಖಿಯರು ಇನ್ನೂರರ ಎರಡು ಶೀಶೆ ಮುಗಿಸಬಹುದು. ಆಗ ವ್ಯರ್ಥವಾಗುವುದು ಎಂಬತ್ತು ಡೋಸು ಮಾತ್ರ, ಆಚೆ ತಾಂಡಾದ ಕೋಳಿಗಳನ್ನೂ ಸೇರಿಸಿದರೆ ಅದೂ ಇಲ್ಲ. ಬೇಕಿರುವುದು ತಾಲ್ಲೂಕು ಆಸ್ಪತ್ರೆಯಿಂದ ಹಿಂದಿನ ಸಂಜೆ ಹೊರಡುವ ಮಂಜಿನ ಪೆಟ್ಟಿಗೆ, ಊರಿಗೆ ಮೊದಲೇ ತಿಳಿಸಿದ ದಿನಾಂಕ, ಪಶುಸಖಿಗೆ ಕೋಳಿಗಿಷ್ಟೆಂದು ಕೂಲಿ. ಜಿಲ್ಲಾ ಪಂಚಾಯಿತಿಯ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ವಿಷಯವಿದು. ಇದಕ್ಕೆ ವಿಧಾನಸೌಧದವರೆಗೆ ಹೋಗಬೇಕಿಲ್ಲ.

ಕಲ್ಲಿನ ಗೂಡು, ಸಿಮೆಂಟಿನ ದೂಳು

ಶಹಾಬಾದ್, ವಾಡಿ, ಚಿತ್ತಾಪುರ ಭಾಗದಲ್ಲಿ ಕೋಳಿ ಗೂಡಿಗೂ ಫರಸಿ ಕಲ್ಲೇ. ನಾಲ್ಕು ಕಲ್ಲು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಎಳೆದು, ಮುಂದೆ ಒಂದು ಕಲ್ಲನ್ನು ಬಾಗಿಲಂತೆ ಸರಿಸಿದರೆ ಗೂಡು ಸಿದ್ಧ. ಬೆಕ್ಕು, ಮುಂಗುಸಿ, ನಾಯಿ ಯಾವುದೂ ನುಗ್ಗದು. ಗಾಳಿಯೂ ನುಗ್ಗದು ಎಂಬುದೇ ತೊಂದರೆ. ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ರಾತ್ರಿಯೆಲ್ಲ ಒಳಗೇ ನಿಲ್ಲುತ್ತದೆ. ಕೋಳಿಯ ಶ್ವಾಸನಾಳದೊಳಗೆ ಕಸವನ್ನು ಹೊರದೂಡುವ ಸೂಕ್ಷ್ಮ ರೋಮಗಳಿವೆ, ಅಮೋನಿಯಾ ಮೊದಲು ಕೆಡಿಸುವುದು ಅವನ್ನೇ. ರೋಮ ಸತ್ತ ಮೇಲೆ ಯಾವ ರೋಗಾಣುವಿಗೂ ಬಾಗಿಲು ತೆರೆದಂತೆಯೇ. ಪರೀಕ್ಷೆಗೆ ಯಂತ್ರ ಬೇಕಿಲ್ಲ: ನಸುಕಿನಲ್ಲಿ ಗೂಡಿನ ಕಲ್ಲು ಸರಿಸಿ, ಕುಕ್ಕರಗಾಲಲ್ಲಿ ಕುಳಿತು ಮುಖ ಒಳಗಿಟ್ಟರೆ ಕಣ್ಣು ಉರಿಯುತ್ತದೆಯೇ? ಉರಿದರೆ ಕೋಳಿಯ ಶ್ವಾಸನಾಳವೂ ಉರಿಯುತ್ತಿದೆ ಎಂದರ್ಥ. ಹಾಸುಗಲ್ಲಿನ ಕೆಳಗೆ ನಾಲ್ಕು ಬೆರಳಿನ ಸಂದು ಬಿಟ್ಟು ತಂತಿಜಾಲರಿ ಕಟ್ಟುವುದು, ಒಣಗಿದ ಹೊಟ್ಟು ಹಾಸಿ ವಾರಕ್ಕೊಮ್ಮೆ ಬದಲಿಸುವುದು, ಗೋಡೆಗೆ ಸುಣ್ಣ ಬಳಿಯುವುದು ಯಾರಿಗೂ ಹೊರೆಯಾಗದ ಕೆಲಸ. ಸುಣ್ಣದ ಕಲ್ಲಿನ ಮೇಲೆಯೇ ಕುಳಿತ ಸೀಮೆಯಲ್ಲಿ ಸುಣ್ಣಕ್ಕೆ ಬಡತನ ಬರಬಾರದು.

ಸಿಮೆಂಟ್ ಕಾರ್ಖಾನೆಗಳ ಮಗ್ಗುಲಿನ ಹಳ್ಳಿಗಳಲ್ಲಿ ಕೋಳಿ ಸತ್ತರೆ ದೂಳಿನ ಮೇಲೆ ದೂರು ಹೋಗುವುದು ಸಹಜ. ವಾಡಿ, ಮಳಖೇಡ, ಸೇಡಂ ಸುತ್ತಲಿನ ಜನ ದೂಳಿನ ಬಗ್ಗೆ ದೂರುವುದಕ್ಕೆ ಕಾರಣವುಂಟು, ಆ ಹೋರಾಟವೇ ಬೇರೆ. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ದೂಳು ಶ್ವಾಸನಾಳವನ್ನು ಕೆರಳಿಸಿ ಕೋಳಿಯನ್ನು ದುರ್ಬಲಗೊಳಿಸೀತು, ವಾರದೊಳಗೆ ಹಿಂಡನ್ನೇ ಗುಡಿಸಿಹಾಕದು. ಹಾಗೆ ಗುಡಿಸುವುದು ವೈರಾಣು. ದೂಳಿನ ಮೇಲೆ ಹೊರಿಸಿ ಕುಳಿತರೆ ಲಸಿಕೆಯ ಪ್ರಶ್ನೆ ಹಿಂದೆ ಸರಿಯುತ್ತದೆ, ಇಲಾಖೆಗೂ ಅದು ಅನುಕೂಲವೇ.

ರೋಗ ಊರಿಂದೂರಿಗೆ ಹೋಗುವುದು ಗಾಳಿಗಿಂತ ಹೆಚ್ಚಾಗಿ ಬುಟ್ಟಿಯಲ್ಲಿ. ಕೋಳಿ ಮಂಕಾದೊಡನೆ, ಸಾಯುವ ಮೊದಲು ಕಾಸಾದರೂ ಆಗಲಿ ಎಂದು ಸಂತೆಗೆ ಒಯ್ಯುವುದು ಬಡವರ ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ಬೈದು ಪ್ರಯೋಜನವಿಲ್ಲ. ಬೇನೆಯ ಕೋಳಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಮನೆಗೆ ಒಯ್ಯುವುದು ತಮ್ಮ ಹಿಂಡಿನ ಸಾವನ್ನು. ಮಾರಾಟವಾಗದೆ ಮರಳಿ ಬಂದ ಕೋಳಿ ಸಂತೆಯ ಸೋಂಕನ್ನೂ ತರುತ್ತದೆ. ದೇವರಿಗೆ ಬಿಟ್ಟ ಹುಂಜ, ಜಾತ್ರೆಗೆ ತಂದ ಕೋಳಿ, ಬೀಗರು ಕೊಟ್ಟ ಹೇಂಟೆ, ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೊರಟವರು ನೆಂಟರ ಮನೆಯಲ್ಲಿ ಬಿಟ್ಟುಹೋದ ಹಿಂಡು, ಇವೆಲ್ಲವೂ ರೋಗದ ವಾಹನಗಳೇ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ತಾಂಡೂರಿಗೆ ಹೋಗುವ ರೈಲಿಗೂ, ಚಿಂಚೋಳಿಯಿಂದ ತೆಲಂಗಾಣ ಸೇರುವ ಬಸ್ಸಿಗೂ ಕೋಳಿಯ ರೋಗ ಯಾವ ರಾಜ್ಯದ್ದೆಂದು ತಿಳಿಯದು. ಹೊಸದಾಗಿ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಬುಟ್ಟಿಯಡಿ, ಬೇರೆ ನೀರಿನ ಬಟ್ಟಲಿಟ್ಟು ಸಾಕಿ, ಕೆಮ್ಮದಿದ್ದರೆ ಮಾತ್ರ ಹಿಂಡಿಗೆ ಬಿಡುವುದು ಒಂದೇ ಉಪಾಯ. ಹಳೆಯ ಕೋಳಿಗಳಿಗೆ ಕಾಳು ಹಾಕಿದ ಮೇಲೆಯೇ ಹೊಸತರ ಕಡೆ ಹೋಗಬೇಕು, ಮೊದಲಲ್ಲ.

ಹಕ್ಕಿಜ್ವರ ಮತ್ತು ಪರಿಹಾರದ ತಕ್ಕಡಿ

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ ಅದು ಫಾರಂಗಳ ರೋಗವೆಂದೇ ನಾವು ತಿಳಿದಿದ್ದೆವು. ಕರ್ನಾಟಕಕ್ಕೆ ಅದು 2012ರ ಅಕ್ಟೋಬರಿನಲ್ಲಿ ಬಂದದ್ದು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಗೆ, ಅಲ್ಲಿನ ಟರ್ಕಿ ಕೋಳಿಗಳಿಗೆ. 2020ರ ಮಾರ್ಚಿನಲ್ಲಿ ಮೈಸೂರು ಮತ್ತು ಹರಿಹರ ತಾಲ್ಲೂಕಿನಲ್ಲಿ ಕಂಡಿತು. 2025ರ ಜನವರಿಯಲ್ಲಿ ಬೀದರ್ ಗಡಿಗೆ ಹತ್ತಿರದ ಉದಗೀರದಲ್ಲಿ ಕಾಗೆಗಳು ಸತ್ತುಬಿದ್ದವು. ಫೆಬ್ರವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳು ತತ್ತರಿಸಿದವು. ಅದರ ಬೆನ್ನಲ್ಲೇ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಸಂಡೂರು ತಾಲ್ಲೂಕಿನ ಕುರೆಕುಪ್ಪದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲೂ ರೋಗ ದೃಢಪಟ್ಟಿತು. ಬೇಲಿ, ಕಾವಲು, ವೈದ್ಯರು ಎಲ್ಲ ಇದ್ದ ಸರ್ಕಾರಿ ಕೇಂದ್ರಗಳಿಗೇ ನುಗ್ಗಿದ ರೋಗ ಹಿತ್ತಲಿಗೆ ಬಾರದೆಂಬ ಖಾತ್ರಿ ಎಲ್ಲಿದೆ? ಅಂಥ ಕೇಂದ್ರಗಳಿಂದಲೇ ಹಳ್ಳಿಗಳಿಗೆ ಮರಿ ಹಂಚುವ ಪದ್ಧತಿಯೂ ಇದೆಯೆಂಬುದನ್ನು ಮರೆಯಲಾಗದು.

ಇಲ್ಲಿಯೇ ಕೊಕ್ಕರೆ ರೋಗದ ಪ್ರಶ್ನೆ ಮನುಷ್ಯರ ಪ್ರಶ್ನೆಯೂ ಆಗುತ್ತದೆ. ಜುಟ್ಟು, ಗಲ್ಲದ ಜೋಲು ನೀಲಿಗಟ್ಟಿ, ತಲೆ ಊದಿ, ಯಾವ ಮುನ್ಸೂಚನೆಯೂ ಇಲ್ಲದೆ ಸತ್ತರೆ ಹಕ್ಕಿಜ್ವರ ಎನ್ನುತ್ತಾರೆ. ಆದರೆ ಮಾರಕ ರಾಣಿಖೇತ ಹಿಂಡಿಗೆ ಬಿದ್ದಾಗಿನ ನೋಟವೂ ಹೆಚ್ಚುಕಡಿಮೆ ಇದೇ. ಹೊಟ್ಟೆ ಸೀಳಿ ನೋಡಿದರೂ ಎರಡರಲ್ಲಿಯೂ ಜಠರದ ಒಳಗೋಡೆಯ ಮೇಲೆ ರಕ್ತದ ಚುಕ್ಕೆಗಳು ಕಾಣಬಹುದು. ಬರಿಗಣ್ಣಿಗೆ ಭೇದ ಸಿಗದು, ಅಂತಿಮ ಮಾತು ಭೋಪಾಲದ ಪ್ರಯೋಗಾಲಯದ್ದು. ಪ್ರತಿ ವರ್ಷ ಕೊಕ್ಕರೆ ರೋಗದಲ್ಲಿ ಕೋಳಿ ಸಾಯುವುದು ಮಾಮೂಲೆಂದು ಒಗ್ಗಿಹೋದ ಊರು, ಹಕ್ಕಿಜ್ವರ ಬಂದ ವರ್ಷವೂ ಮಾಮೂಲೆಂದೇ ಸುಮ್ಮನಿರುತ್ತದೆ. ಲಸಿಕೆಯಿಂದ ಮಾಮೂಲು ಸಾವು ನಿಂತರೆ ಮಾತ್ರ ಅಸಹಜ ಸಾವು ಕಣ್ಣಿಗೆ ಬೀಳುತ್ತದೆ. ಹಕ್ಕಿಜ್ವರದಿಂದ ಭಾರತದಲ್ಲಿ ಮನುಷ್ಯರು ಸತ್ತ ಪ್ರಕರಣಗಳು ಬೆರಳೆಣಿಕೆಯವು. 2021ರಲ್ಲಿ ಹರಿಯಾಣದ ಬಾಲಕನೊಬ್ಬ, 2025ರಲ್ಲಿ ಆಂಧ್ರದ ನರಸರಾವುಪೇಟೆಯ ಎರಡು ವರ್ಷದ ಮಗು. ಚೆನ್ನಾಗಿ ಬೇಯಿಸಿದ ಮಾಂಸ, ತತ್ತಿಯಿಂದ ಭಯವಿಲ್ಲ. ಭಯವಿರುವುದು ಬೇನೆಯ ಕೋಳಿಯನ್ನು ಕೊಯ್ದು ಪುಕ್ಕ ಕೀಳುವ ಕೈಗಳಿಗೆ, ಪಕ್ಕದಲ್ಲಿ ಕುಳಿತ ಮಕ್ಕಳಿಗೆ.

ಸರ್ಕಾರದ ಪರಿಹಾರ ನೀತಿ ಈ ಮೌನವನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಹಕ್ಕಿಜ್ವರ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರ್ ಫಾಸಲೆಯಲ್ಲಿ ಕೋಳಿಗಳನ್ನು ಕೊಲ್ಲಲಾಗುತ್ತದೆ, ಹತ್ತು ಕಿಲೋಮೀಟರಿನಲ್ಲಿ ನಿಗಾ ಇಡಲಾಗುತ್ತದೆ. ಪರಿಹಾರ ಸಿಗುವುದು ಸರ್ಕಾರ ಕೊಂದ ಕೋಳಿಗೆ, ಅದಕ್ಕೆ ಮೊದಲೇ ತಾನಾಗಿ ಸತ್ತ ಕೋಳಿಗಲ್ಲ. ಮೊದಲು ರೋಗ ಬಂದ ಮನೆಯವರು, ಮೊದಲು ದೂರು ಹೇಳಿದವರು, ಅಷ್ಟರಲ್ಲಿ ತಮ್ಮ ಹಿಂಡನ್ನೆಲ್ಲ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲುತ್ತಾರೆ. ಜೊತೆಗೆ ಊರ ಕೋಳಿಗಳನ್ನೆಲ್ಲ ಕೊಲ್ಲಿಸಿದ ಅಪವಾದವನ್ನೂ ಹೊರುತ್ತಾರೆ. ಸುಳ್ಳು ಲೆಕ್ಕ ತಡೆಯಲು ಈ ನಿಯಮ ಬೇಕೆಂಬ ವಾದವಿದೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಮೊದಲು ತಿಳಿಸಿದ ಮನೆಗೆ ಸತ್ತ ಕೋಳಿಗಳ ಲೆಕ್ಕದಲ್ಲಿ ಒಂದು ಪಾಲನ್ನಾದರೂ ಕೊಡದ ಹೊರತು, ತಿಳಿಸಿ ಎಂದು ಡಂಗುರ ಸಾರುವುದರಿಂದ ಏನೂ ಆಗದು ಎಂಬುದು ನಮ್ಮ ಅಭಿಪ್ರಾಯ.

ಗೂಡಿನಲ್ಲಿ ಬೇನೆ ಬಿದ್ದ ದಿನ ಮನೆಯವರು ಏನು ಮಾಡಬೇಕು? ಮಂಕಾದ ಕೋಳಿಯನ್ನು ಕೂಡಲೇ ಬೇರೆ ಮಾಡಿ, ಉಳಿದವನ್ನು ಹೊರಗೆ ಬಿಡದೆ ಗೂಡಿನ ಬಳಿಯೇ ಕಾಳು, ನೀರು ಕೊಡಬೇಕು. ಒಂದೆರಡು ಕೋಳಿಯ ನೆಗಡಿಯಾದರೆ ಪಶು ಆಸ್ಪತ್ರೆಗೆ ತೋರಿಸಿದರೆ ಸಾಕು. ಎರಡು ಮೂರು ದಿನಗಳಲ್ಲಿ ಸಾಲುಸಾಲಾಗಿ ಸತ್ತರೆ ಕೊಯ್ಯಬಾರದು, ಮಾರಬಾರದು, ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿ ಎಷ್ಟು ಕೋಳಿಯಿದ್ದವು, ಎಷ್ಟು ಸತ್ತವು, ಯಾವ ದಿನದಿಂದ, ಲಸಿಕೆ ಆಗಿತ್ತೇ, ಇತ್ತೀಚೆಗೆ ಹೊರಗಿನಿಂದ ಕೋಳಿ ತಂದಿದ್ದಿರೇ ಎಂಬುದನ್ನು ಹೇಳಬೇಕು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಮೊಳಕ್ಕಿಂತ ಆಳದ ಗುಂಡಿಯಲ್ಲಿ ಸುಣ್ಣ ಚೆಲ್ಲಿ ಹೂಳಬೇಕು. ಇಲಾಖೆಯವರು ಮಾದರಿ ಬೇಕೆಂದರೆ ಮಾತ್ರ ಅವರು ಬರುವವರೆಗೆ ನಾಯಿಗೆ ಸಿಗದಂತೆ ಮುಚ್ಚಿಡಬೇಕು. ಶಹಾಬಾದ್ ಸುತ್ತಲಿನ ಹಳೆಯ ಕಲ್ಲುಗಣಿಗಳ ನೀರಿಗೆ ಸತ್ತ ಕೋಳಿ ಎಸೆಯುವ ಅಭ್ಯಾಸ ಎಲ್ಲೇ ಇದ್ದರೂ ನಿಲ್ಲಬೇಕು. ಅದೇ ನೀರಿಗೆ ದನ ಇಳಿಯುತ್ತವೆ, ಕಾಡುಹಕ್ಕಿಯೂ ಇಳಿಯುತ್ತದೆ.

ಗೂಡು ಖಾಲಿಯಾದ ಮೇಲೆ ಹಿಕ್ಕೆ ಕೆರೆದು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿದು ಕೆಲವು ವಾರ ಹಾಗೆಯೇ ಬಿಡಬೇಕು. ಮರುವಾರವೇ ಸಂತೆಯಿಂದ ಪಿಳ್ಳೆ ತಂದು ಬಿಟ್ಟರೆ ಅವೂ ಅದೇ ದಾರಿ ಹಿಡಿಯುತ್ತವೆ. ಸಂಕ್ರಾಂತಿ ಕಳೆದು ಬಿಸಿಲು ಏರುವ ಮುನ್ನ, ತೊಗರಿ ರಾಶಿ ಮುಗಿದು ಜನ ಊರಲ್ಲಿರುವಾಗಲೇ, ಐದೂ ಕಡೆಗಳಲ್ಲಿ ಮೊದಲ ಸುತ್ತಿನ ಹನಿ ಬೀಳಬೇಕು. ಎರಡನೆಯ ಸುತ್ತು ಮಳೆಗಾಲದ ಆರಂಭಕ್ಕೆ, ಮೂರನೆಯದು ದಸರೆಯ ಆಸುಪಾಸಿಗೆ. ಮಂಜಿನ ಪೆಟ್ಟಿಗೆ ಯಾವ ಆಸ್ಪತ್ರೆಯಿಂದ, ಎಷ್ಟು ಗಂಟೆಗೆ ಹೊರಡಬೇಕೆಂಬ ಪಟ್ಟಿಯನ್ನು ತಾಲ್ಲೂಕು ಮಟ್ಟದ ಅಧಿಕಾರಿಗಳು ಡಿಸೆಂಬರಿನೊಳಗೆ ಸಿದ್ಧಪಡಿಸಿ ಗ್ರಾಮ ಪಂಚಾಯಿತಿಗಳಿಗೆ ಕಳಿಸಿದರೆ ಕೋಳಿ ಹಿಡಿದಿಡಲು ಮನೆಯವರಿಗೂ ವೇಳೆ ಸಿಗುತ್ತದೆ.